ಹಳೆಯ ಫೋಟೋಶಾಪ್‌ನಲ್ಲಿ ಫೋಲ್ಡರಿಗೆ ಪುಟ್ಟ ಐಕಾನ್ ಮಾಡುವ ಬಗೆ

ಮೈಸೂರಿನ ನಮ್ಮ ಡಿಟಿಪಿ ಅಂಗಡಿಯಲ್ಲಿ 2002ರ ಫೋಟೋಶಾಪ್ 7 ಇರುವ ಹಳೆಯ ಕಂಪ್ಯೂಟರ್ ಇಂದಿಗೂ ನಡೆಯುತ್ತಿದ್ದು, ಲಗ್ನಪತ್ರಿಕೆಗಳ ಫೋಲ್ಡರಿಗೆ ವೀಳ್ಯದೆಲೆ, ದಸರಾ ಕೆಲಸದ ಫೋಲ್ಡರಿಗೆ ಪೇಟ, ಹೀಗೆ ಐಕಾನ್‌ಗಳನ್ನು ಅದರಲ್ಲಿಯೇ ಮಾಡಿಕೊಂಡಿದ್ದೇನೆ.

ಮೊದಲು 256 ಪಿಕ್ಸೆಲ್ ಅಳತೆಯ ಚೌಕದಲ್ಲಿ, ಹಿನ್ನೆಲೆಯನ್ನು ಪಾರದರ್ಶಕವಾಗಿಟ್ಟು ಚಿತ್ರ ಬರೆದುಕೊಳ್ಳಿ. ರೆಸಲ್ಯೂಷನ್ 72 ಇದ್ದರೂ 300 ಇದ್ದರೂ ಇಲ್ಲಿ ವ್ಯತ್ಯಾಸವಿಲ್ಲ. ವಿಂಡೋಸ್ ಐಕಾನನ್ನು ಬೇರೆ ಬೇರೆ ಅಳತೆಗಳಲ್ಲಿ ತೋರಿಸುವುದರಿಂದ, ಅದರ ಪ್ರತಿಗಳನ್ನು 48 ಮತ್ತು 32 ಪಿಕ್ಸೆಲ್‌ಗೆ ಇಳಿಸಬಹುದು. ತೊಡಕು ಇರುವುದು 16 ಪಿಕ್ಸೆಲ್ ಅಳತೆಯಲ್ಲಿ. ಅಲ್ಲಿ 16×16, ಅಂದರೆ ಒಟ್ಟು ಸಿಗುವುದೇ 256 ಚುಕ್ಕೆಗಳಾದ್ದರಿಂದ, ನರಗಳೆಲ್ಲ ಇರುವ ಎಲೆಯನ್ನು ಹಾಗೆಯೇ ಕುಗ್ಗಿಸಿದರೆ ಹಸಿರು ಕಲೆಯೊಂದು ಉಳಿಯುತ್ತದೆಯೇ ಹೊರತು ಎಲೆ ಕಾಣಿಸುವುದಿಲ್ಲ. ಆದ್ದರಿಂದ ನರಗಳನ್ನು ಬಿಟ್ಟು, ನಡುಗೆರೆ ಮತ್ತು ತೊಟ್ಟನ್ನು ಮಾತ್ರ ಉಳಿಸಿಕೊಂಡು, 1600 ಪ್ರತಿಶತ ಹಿಗ್ಗಿಸಿದ ನೋಟದಲ್ಲಿ ಹೊಸದಾಗಿಯೇ ಬರೆಯುವುದು ಮೇಲು. ಬ್ರಷ್ ಅಂಚನ್ನು ಮಸುಕಾಗಿಸುವುದರಿಂದ ಪೆನ್ಸಿಲ್ ಉಪಕರಣವನ್ನೇ ಬಳಸಿ. ಬೇಸರದ ಕೆಲಸವೇನೋ ಹೌದು, ಆದರೆ ರಂಗೋಲಿಯ ಚುಕ್ಕಿ ಎಣಿಸಿದವರಿಗೆ ಇದು ಹೊಸತಲ್ಲ.

ವಿಂಡೋಸ್‌ನ ಐಕಾನ್‌ಗಳಿಗೆ ಬೇಕಾದ ಐಸಿಓ ಮಾದರಿಯ ಕಡತವನ್ನು ಈ ಫೋಟೋಶಾಪ್ ತಾನಾಗಿ ಉಳಿಸುವುದಿಲ್ಲ. ನಾನು ಪ್ರತಿಯೊಂದು ಅಳತೆಯನ್ನೂ ಪಾರದರ್ಶಕ ಹಿನ್ನೆಲೆಯನ್ನು ಉಳಿಸುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದೊಂದನ್ನು ಒಂದೊಂದು ಲೇಯರ್ (ಪದರ) ಆಗಿ ತೆರೆದು, ಒಂದೇ ಐಸಿಓ ಕಡತವಾಗಿ ರಫ್ತು ಮಾಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಬಳಸುವವರು ಆಗ ಕಾಣುವ ಪಿಎನ್‌ಜಿ ಸಂಕೋಚನದ ಗುರುತನ್ನು ಹಾಕಬಾರದು. ಬಳಿಕ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಸ್ಟಮೈಸ್ ವಿಭಾಗದಲ್ಲಿ ಚೇಂಜ್ ಐಕಾನ್ ಒತ್ತಿ ಆ ಕಡತವನ್ನು ಆರಿಸಬೇಕು. ಆರಿಸಿದ ಮೇಲೆ ಕಡತವನ್ನು ಬೇರೆಡೆಗೆ ಸರಿಸಿದರೆ ಹಳೆಯ ಹಳದಿ ಫೋಲ್ಡರ್ ಮತ್ತೆ ಬಂದು ಕೂರುತ್ತದೆ.