ಹಳೆ ಮಡಚುವ ಚಾಕು ಬಿಗಿಯಾಗಿದ್ದರೆ
ಅಜ್ಜನ ಕಾಲದ ಮಡಚುವ ಚಾಕು ತೆರೆಯಲು ಬಿಗಿಯಾಗಿದ್ದರೆ ಕೀಲಿಗೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ರಾತ್ರಿ ಹಾಗೇ ಇಡಿ. ಬೆಳಿಗ್ಗೆ ನಿಧಾನವಾಗಿ ತೆರೆದು ಮುಚ್ಚುತ್ತಾ, ಹೊರಬರುವ ಕಪ್ಪು ಕೊಳೆ ಒರೆಸಿ. ಈ ಎಣ್ಣೆ ತೆಳು. ಅಲಗು, ಸ್ಪ್ರಿಂಗ್ ನಡುವಿನ ಸಂದಿಗೆ ಇಳಿದು ಗಟ್ಟಿಯಾದ ಹಳೆ ಜಿಡ್ಡನ್ನು ಸಡಿಲ ಮಾಡುತ್ತದೆ. ನಮ್ಮ ಕಲಬುರಗಿ ಮನೆಗಳಲ್ಲಿ ಥಟ್ಟನೆ ಕೈಗೆ ಸಿಗುವ ಕುಸುಬಿ ಎಣ್ಣೆ ಮಾತ್ರ ಬೇಡ, ಅದು ಗಾಳಿಗೆ ಒಣಗಿ ಅಂಟಾಗಿ ಇನ್ನೂ ಜಾಸ್ತಿ ಬಿಗಿಯುತ್ತದೆ. ಕೀಲಿನ ಪಿನ್ನೇ ತುಕ್ಕು ಹಿಡಿದು ಉಬ್ಬಿದ್ದರೆ ಈ ಉಪಾಯ ನಡೆಯಲ್ಲ. ಆಗ ಇಕ್ಕಳ ಹಾಕಿ ಎಳೆಯಬೇಡಿ, ಅಲಗು ಮುರಿದೀತು. ಅಂದಹಾಗೆ, ಅಲಗಿನ ಬೂದುಗಪ್ಪು ಬಣ್ಣವನ್ನು ದಯವಿಟ್ಟು ತಿಕ್ಕಿ ತೆಗೆಯಬೇಡಿ. ಬಿದ್ರಿ ಹೂಜಿಯ ಕಪ್ಪಿನ ಹಾಗೆ ಅದೇ ಅದರ ಚೆಂದ, ಅಲ್ವಾ? ಕೆಂಪು ತುಕ್ಕನ್ನಷ್ಟೇ ತೆಗೆಯಿರಿ.