ಮನೆ ಅಂಗಳದಲ್ಲಿ ಕ್ಲಚ್ ಬದಲಿ: ಎಂಜಿನ್‌ಗೆ ಆಸರೆ ಎಲ್ಲಿ ಕೊಡಬೇಕು?

ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಅದನ್ನು ಮೂರು ಮೌಂಟಿಂಗ್ (ಎಂಜಿನ್ನನ್ನು ಬಾಡಿಗೆ ಕಟ್ಟುವ ರಬ್ಬರ್ ಹಿಡಿಕೆ) ಹಿಡಿದಿರುತ್ತವೆ: ಬೆಲ್ಟ್ ಕಡೆ ಒಂದು, ಗೇರ್‌ಬಾಕ್ಸ್ ಕಡೆ ಒಂದು, ಹಿಂದೆ ಒಂದು. ಕ್ಲಚ್ ಪ್ಲೇಟ್ ಕೈಗೆ ಸಿಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಆಗ ಎರಡು ಮೌಂಟಿಂಗ್ ಬಿಚ್ಚಿ, ಉಳಿದ ಒಂದೇ ರಬ್ಬರಿಗೆ ಇಡೀ ಎಂಜಿನ್ ಜೋತುಬೀಳುತ್ತದೆ. ಭಾನುವಾರ ಮನೆಯಲ್ಲಿ ಶುರುವಾದ ಕೆಲಸ ಸೋಮವಾರ ಗ್ಯಾರೇಜ್ ಸೇರುವುದು ಹೆಚ್ಚಾಗಿ ಇಲ್ಲಿ ಎಡವಿದ್ದಕ್ಕೇ.

ಮೊದಲು ನೆಲ ನೋಡಿ. ಎರೆಮಣ್ಣಿನ ಅಂಗಳದಲ್ಲಿ ಒಂದು ಮಳೆ ಬಿದ್ದರೂ ಕಾರು ಹೊರುವ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ, ಅಲ್ಲಿ ಈ ಕೆಲಸ ಬೇಡ. ಫರಸಿ ಹಾಸಿದ್ದರೆ ತಟ್ಟಿ ಕೇಳಿ. ಪೊಳ್ಳು ಸದ್ದು ಬರುವ ಕಲ್ಲಿನ ಮೇಲೆ ಸ್ಟ್ಯಾಂಡ್ ಇಡಬೇಡಿ. ಗಟ್ಟಿ ಇದ್ದಲ್ಲೂ ಕೆಳಗೆ 18 ಮಿ.ಮೀ. ಪ್ಲೈವುಡ್ ತುಂಡು ಹಾಕಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಹತ್ತಿರಕ್ಕೂ ತರಬೇಡಿ, ಅವು ಸುಳಿವು ಕೊಡದೆ ಒಡೆಯುತ್ತವೆ.

ಉಳಿದ ತಯಾರಿ ಸುಲಭ: ಬ್ಯಾಟರಿಯ ನೆಗೆಟಿವ್ ತೆಗೆದು, ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿ, ಹಿಂದಿನ ಚಕ್ರಕ್ಕೆ ಅಡೆ ಕೊಟ್ಟು, ಮುಂಭಾಗವನ್ನು ಸ್ಟ್ಯಾಂಡಿಗೆ ಏರಿಸಿ, ಗೇರ್ ಆಯಿಲ್ ಇಳಿಸಿ, ಆಕ್ಸಲ್, ಸ್ಟಾರ್ಟರ್, ಕ್ಲಚ್ ಕೇಬಲ್ ಬಿಚ್ಚಿ.

ಆಸರೆ ಮೇಲಿನಿಂದಲೋ ಕೆಳಗಿನಿಂದಲೋ ಎಂಬುದನ್ನು ಕ್ಲಚ್ ಜೊತೆಗೆ ನೀವು ಯಾವ ಗ್ಯಾಸ್ಕೆಟ್ (ಪ್ಯಾಕಿಂಗ್) ಬದಲಿಸುತ್ತೀರಿ ಎಂಬುದೇ ತೀರ್ಮಾನಿಸುತ್ತದೆ. ಎಂಜಿನ್ ತಳದ ಆಯಿಲ್ ಚೇಂಬರ್ ಪ್ಯಾಕಿಂಗ್ ಬದಲಿಸುವುದಿದ್ದರೆ ಚೇಂಬರ್ ಕೆಳಗೆ ಜಾಕ್ ಇಡಲು ಆಗುವುದಿಲ್ಲ, ಎಂಜಿನ್ ಮೇಲಿನಿಂದಲೇ ತೂಗಬೇಕು. ಹೆಡ್ (ಎಂಜಿನ್ನಿನ ಮೇಲ್ಭಾಗ) ಗ್ಯಾಸ್ಕೆಟ್ ಆದರೆ ತದ್ವಿರುದ್ಧ: ಎತ್ತುವ ಕೊಂಡಿ ಬಹುತೇಕ ಹೆಡ್‌ಗೇ ಇರುವುದರಿಂದ, ಹೆಡ್ ತೆಗೆದ ಮೇಲೆ ಸರಪಳಿ ಹಾಕಲು ಜಾಗವಿಲ್ಲ. ಹೆಡ್ ಮತ್ತು ಕ್ಲಚ್ ಎರಡನ್ನೂ ಒಟ್ಟಿಗೆ ಬಿಚ್ಚುವ ಆತುರ ಬೇಡ. ಗೇರ್‌ಬಾಕ್ಸ್ ಮೌಂಟಿಂಗ್ ಕಟ್ಟಿಕೊಂಡಿರುವಾಗಲೇ ಹೆಡ್ ಕೆಲಸ ಮುಗಿಸಿ, ಆಮೇಲೆ ಕ್ಲಚ್‌ಗೆ ಕೈಹಾಕಿ.

ಕೆಳಗಿನಿಂದ ಹಿಡಿಯುವಾಗ ಜಾಕಿನ ತಲೆ ಮತ್ತು ಚೇಂಬರ್ ನಡುವೆ ಚೇಂಬರಿನ ತಳದಷ್ಟು ಅಗಲದ, ಒಂದಿಂಚು ದಪ್ಪದ ಹಲಗೆ ಇರಲಿ. ಡ್ರೇನ್ ಪ್ಲಗ್ ಮೇಲೆ ಭಾರ ಬೀಳಬಾರದು. ತಗಡಿನ ಚೇಂಬರ್ ಒಳಕ್ಕೆ ನೆಗ್ಗಿದರೆ ಆಯಿಲ್ ಹೀರುವ ಜಾಲರಿಗೂ ತಳಕ್ಕೂ ಇರುವ ಸಣ್ಣ ಸಂದು ಮುಚ್ಚಿ ಆಯಿಲ್ ಪ್ರೆಶರ್ ಬೀಳುತ್ತದೆ. ಹೈಡ್ರಾಲಿಕ್ ಜಾಕ್ ರಾತ್ರಿ ಹೊತ್ತಿನಲ್ಲಿ ಮೆಲ್ಲಗೆ ಇಳಿಯುತ್ತದೆ, ಆದ್ದರಿಂದ ಮಲಗುವ ಮುನ್ನ ಪಕ್ಕದಲ್ಲಿ ಗಟ್ಟಿ ಮರದ ದಿಮ್ಮಿ ಕೊಡಿ.

ಆಯ್ಕೆ ಇದ್ದರೆ ಮೇಲಿನಿಂದ ತೂಗುವುದೇ ಉತ್ತಮ, ಕೆಳಗೆ ಕೆಲಸಕ್ಕೆ ಜಾಗ ಸಿಗುತ್ತದೆ. ಎಂಜಿನ್ ತೂಗಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಅಡ್ಡ ಬಾರ್‌ಗಳ ಕೊಕ್ಕೆ ಭಾರಕ್ಕೆ ಬಾಯಿ ಬಿಡುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ, ಗದಗ, ಹಾವೇರಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ವೆಲ್ಡಿಂಗ್ ಮಾಡುವವರಲ್ಲೋ 50x50 ಮಿ.ಮೀ., 3 ಮಿ.ಮೀ. ದಪ್ಪದ ಚೌಕ ಪೈಪ್ ಕತ್ತರಿಸಿಕೊಳ್ಳಿ. ನಡುವೆ 12 ಮಿ.ಮೀ. ಐ-ಬೋಲ್ಟ್, ಅದಕ್ಕೆ ಡಿ-ಶ್ಯಾಕಲ್, 8 ಮಿ.ಮೀ. ಸರಪಳಿ. ಪೈಪಿನ ಕಾಲು ಕೂರಬೇಕಾದದ್ದು ಮಡ್‌ಗಾರ್ಡಿನ ತಗಡಿನ ಮೇಲಲ್ಲ, ಅದರ ಬೋಲ್ಟ್ ಕೂರುವ ಬಾಡಿಯ ಗಟ್ಟಿ ಅಂಚಿನ ಮೇಲೆ. ಕೊಂಡಿ ಇಲ್ಲದಿದ್ದರೆ ಹೆಡ್‌ನ ಗಟ್ಟಿ ಬೋಲ್ಟ್ ರಂಧ್ರ ಹುಡುಕಿ. ಟ್ಯಾಪೆಟ್ ಕವರ್, ಮ್ಯಾನಿಫೋಲ್ಡ್ ಮುಟ್ಟಬೇಡಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ.

ಇನ್ನು ಎಲ್ಲರೂ ತಪ್ಪುವ ಜಾಗ. ಐ-ಬೋಲ್ಟಿನ ನಟ್ ಬಿಗಿಯುವಾಗ ಎಂಜಿನ್ ಮೇಲೇಳಬಾರದು, ಅದರ ಭಾರ ಮಾತ್ರ ಸರಪಳಿಗೆ ಬರಬೇಕು. ಮೌಂಟಿಂಗ್ ಬ್ರಾಕೆಟ್ ಮತ್ತು ಚಾಸಿ ನಡುವಿನ ಅಂತರಕ್ಕೆ ಮೊದಲೇ ಚಾಕಿನ ಗುರುತು ಹಾಕಿ. ಗೇರ್‌ಬಾಕ್ಸ್ ಮೌಂಟಿಂಗಿನ ನಟ್ ಸಡಿಲಿಸಿ, ಐ-ಬೋಲ್ಟಿನ ನಟ್ಟನ್ನು ಅರ್ಧರ್ಧ ಸುತ್ತು ಬಿಗಿಯುತ್ತ ಮೌಂಟಿಂಗ್ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ. ಅದು ಪಾನಾ ಇಲ್ಲದೆ ಹೊರಬಂದರೆ ಭಾರ ಸರಿಯಾಗಿದೆ. ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾಗಿ ಬಂದರೆ ಹೆಚ್ಚಾಗಿದೆ, ಇಲ್ಲವೇ ಕಡಿಮೆಯಾಗಿದೆ. ಹೆಚ್ಚು ಎತ್ತಿದರೆ ಬೆಲ್ಟ್ ಕಡೆಯ ರಬ್ಬರ್ ಹರಿಯುತ್ತದೆ, ಸೈಲೆನ್ಸರ್ ಪೈಪಿನ ಜೋಡಣೆ ಬಿರಿಯುತ್ತದೆ, ರೇಡಿಯೇಟರ್ ಹೋಸ್ ಸೆಳೆಯುತ್ತದೆ. ಬೋಲ್ಟ್ ಬಂದ ಮೇಲೆ ಗೇರ್‌ಬಾಕ್ಸ್ ಕಡೆಯನ್ನು ನಿಧಾನವಾಗಿ ಎರಡಿಂಚು ಇಳಿಸಿ, ಆಗ ಗೇರ್‌ಬಾಕ್ಸ್ ಚಾಸಿಗೆ ತಾಗದೆ ಈಚೆ ಬರುತ್ತದೆ. ಇಳಿಸುವಾಗ ಎಸಿ ಪೈಪ್ ಮೇಲೆ ಕಣ್ಣಿರಲಿ.

ಗೇರ್‌ಬಾಕ್ಸ್‌ಗೆ ಬೇರೆ ಜಾಕ್ ಬೇಕೇ ಬೇಕು. ಕೊನೆಯ ಎರಡು ಬೋಲ್ಟ್ ಬಿಚ್ಚಿದ ಮೇಲೆ ಅದು ಇನ್‌ಪುಟ್ ಶಾಫ್ಟ್ (ಕ್ಲಚ್ ಪ್ಲೇಟಿನೊಳಗೆ ಕೂರುವ ಗೇರ್‌ಬಾಕ್ಸಿನ ದಂಡ) ಮೇಲೆ ಒಂದು ಕ್ಷಣ ಜೋತರೂ ಸಾಕು, ಕ್ಲಚ್ ಪ್ಲೇಟ್ ಡೊಂಕಾಗಬಹುದು. ಮರಳಿ ಕೂಡಿಸುವಾಗ ಈ ತಪ್ಪಾದರಂತೂ ಹೊಸ ಪ್ಲೇಟೇ ಹಾಳು: ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರಕರ ಎನ್ನುತ್ತದೆ. ಗೇರ್‌ಬಾಕ್ಸ್ ಬೋಲ್ಟಿನದ್ದೇ ಥ್ರೆಡ್ ಇರುವ ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ದಾರಿಗಂಬಗಳಂತೆ ಹಾಕಿದರೆ ಗೇರ್‌ಬಾಕ್ಸ್ ನೇರವಾಗಿ ಜಾರಿ ಕೂರುತ್ತದೆ.

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೂಡ. ಚೇಂಬರ್‌ಗೆ ಸೀಲೆಂಟ್ ಹಚ್ಚುವುದಿದ್ದರೆ 3 ಮಿ.ಮೀ. ಎಳೆ ಸಾಕು, ಹೆಚ್ಚಾದದ್ದು ಒಳಗೆ ಉದುರಿ ಜಾಲರಿ ಕಟ್ಟುತ್ತದೆ.

ಕೂಡಿಸಿದ ಮೇಲೆ ಮೌಂಟಿಂಗ್ ಬೋಲ್ಟುಗಳನ್ನೆಲ್ಲ ಕೈಯಲ್ಲಷ್ಟೇ ತಿರುಗಿಸಿ, ಸರಪಳಿ ಸಡಿಲಿಸಿ, ಎಂಜಿನ್ ಒಮ್ಮೆ ಅಲುಗಾಡಿಸಿ ತಾನಾಗಿ ಕೂರಲು ಬಿಡಿ. ಆಮೇಲೆ ಬಿಗಿಯಿರಿ. ಸರಪಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು, ಐಡ್ಲಿಂಗಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಗೇರ್ ಆಯಿಲ್ ಲೆವೆಲ್ ಪ್ಲಗ್ ತನಕ ತುಂಬಿದ ಬಳಿಕವೇ ಸ್ಟಾರ್ಟ್ ಮಾಡಿ.