ಭದ್ರಾ ನಾಲೆ, ಅಡಿಕೆ, ರೆಪೊ ದರ: ನನ್ನ ಇಂಗ್ಲಿಷ್ ಬ್ಯಾಚ್ ಕೈ ಹಿಡಿದದ್ದು ಹೀಗೆ

ದಾವಣಗೆರೆಯಲ್ಲಿ ಅಡ್ವಾನ್ಸ್ಡ್ ಇಂಗ್ಲಿಷ್ ಬ್ಯಾಚ್ ನಡೆಯುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವ ಗೆಳೆಯರೇ ಹೇಳಿದರು. "ಮೂವತ್ತು ದಿನದಲ್ಲಿ ಇಂಗ್ಲಿಷ್ ಅಂತ ಬೋರ್ಡ್ ಹಾಕು, ಜನ ಬರ್ತಾರೆ. ಪೇಪರ್ ಓದಿಸಿ ಚರ್ಚೆ ಮಾಡಿಸೋಕೆ ದುಡ್ಡು ಯಾರು ಕೊಡ್ತಾರೆ?" ಈಗ ನನ್ನ ಎರಡು ಬ್ಯಾಚ್ ತುಂಬಿವೆ. ಕಾಯುವವರ ಪಟ್ಟಿಯೂ ಇದೆ. ಹಾಗೆ ಹೇಳಿದವರಲ್ಲೇ ಇಬ್ಬರು ಬಂದು, ಹಿಂದೆ ಕೂತು, ನೋಟ್ಸ್ ಮಾಡಿಕೊಂಡು ಹೋಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬರುವವರು ಬಿ2, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಮಟ್ಟಕ್ಕೆ ಬಂದು ನಿಂತವರು. ಆಫೀಸಿನ ಮೇಲ್ ಬರೆಯುತ್ತಾರೆ. ಸಬ್‌ಟೈಟಲ್ ಇಲ್ಲದೆ ಸಿನಿಮಾ ನೋಡುತ್ತಾರೆ. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಒಂಬತ್ತಕ್ಕೆ ಆರು ಬರುತ್ತದೆ, ಏಳು ಬರುವುದಿಲ್ಲ. ಮೂರನೇ ಪಾರ್ಟ್‌ನ ಆ ನಾಲ್ಕೈದು ನಿಮಿಷದ ಚರ್ಚೆ ಶುರುವಾದ ತಕ್ಷಣ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ವ್ಯಾಕರಣ ಗೊತ್ತು, ಶಬ್ದವೂ ಗೊತ್ತು. ಹೇಳಲು ಏನೂ ಇರುವುದಿಲ್ಲ, ಅಷ್ಟೆ. ಈ ಕಾಯಿಲೆ ನಿಮ್ಮ ಕ್ಲಾಸಿನಲ್ಲೂ ಇದೆ ಅಲ್ವಾ?

ಮೊದಲು ಎಲ್ಲರಂತೆ ಸಂಪಾದಕೀಯದಿಂದ ಶುರು ಮಾಡಿದೆ. ವಾರಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಅದರ ಮೇಲೆ ಚರ್ಚೆ. ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಸಂಪಾದಕೀಯ ಓದಿದವರು ತಲೆ ಆಡಿಸುತ್ತಾರೆ. ಬರೆದವನೇ ಎರಡೂ ಕಡೆ ತೂಗಿ, ಕೊನೆಗೆ ಸರ್ಕಾರ ಎಚ್ಚರ ವಹಿಸಬೇಕು ಎಂದು ಮುಗಿಸಿರುತ್ತಾನೆ. ಇನ್ನು ಇವರು ಹೇಳುವುದೇನು?

ಆಮೇಲೆ ಮಾಮೂಲಿ ವಿಷಯಗಳು. ಸೋಷಿಯಲ್ ಮೀಡಿಯಾ ಒಳ್ಳೆಯದಾ, ಕೆಟ್ಟದ್ದಾ. ಹಳ್ಳಿ ಜೀವನವೋ, ಪೇಟೆ ಜೀವನವೋ. ಇಲ್ಲಿ ಮಾತು ಧಾರಾಳ ಬಂತು. ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ಕೋಚಿಂಗ್ ನೋಟ್ಸಿನಲ್ಲಿ ಉರು ಹೊಡೆದ ವಾಕ್ಯಗಳು, ಕಾಮಾ ಕೂಡ ಅದೇ ಜಾಗದಲ್ಲಿ. ಭಾಷಣದ ವಿಡಿಯೊ ಹಾಕಿದರೆ ಇನ್ನೂ ಕಷ್ಟ. ಎಲ್ಲರೂ ಖುಷಿಯಾಗಿ ನೋಡಿ, ಚಪ್ಪಾಳೆ ತಟ್ಟಿ, ಮನೆಗೆ ಹೋಗುತ್ತಿದ್ದರು.

ಆಗ ಅಸಲಿ ದಾಖಲೆಗಳ ಕಡೆ ತಿರುಗಿದೆ. ಮೊದಲು ಆರಿಸಿದ್ದು ಕಾವೇರಿ ತೀರ್ಪು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದು. ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿನ ಪಾಲು 404.25ಕ್ಕೆ ಇಳಿಯಿತು. ನೂರಾರು ಪುಟದಿಂದ ಮುಖ್ಯ ಭಾಗ ಹೆಕ್ಕಲು ನನಗೆ ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು. ಇದಕ್ಕಿಂತ ಬಿಸಿ ವಿಷಯ ಬೇಕಾ ಎಂದುಕೊಂಡು ಹೋದರೆ, ಕ್ಲಾಸ್ ತಣ್ಣಗೆ ಕೂತಿತ್ತು. ಎಲ್ಲರೂ ಕರ್ನಾಟಕದ ಪರ. ಜೊತೆಗೆ, ದಾವಣಗೆರೆಯ ಗದ್ದೆಗೆ ಕಾವೇರಿ ನೀರು ಬರುವುದಿಲ್ಲ. ಮಂಡ್ಯದಲ್ಲಾದರೆ ಕಥೆ ಬೇರೆ ಇರುತ್ತಿತ್ತು.

ಅವತ್ತು ಹಿಂದೆ ಕೂತಿದ್ದ ಒಬ್ಬ ಹುಡುಗ ಕನ್ನಡದಲ್ಲೇ ಕೇಳಿದ: "ಸಾರ್, ಭದ್ರಾ ಬಗ್ಗೆ ಯಾಕೆ ಇಲ್ಲ?" ಅಲ್ಲಿಂದ ದಾರಿ ಸಿಕ್ಕಿತು.

ಮುಂದಿನ ವಾರ ಭದ್ರಾ ಮೇಲ್ದಂಡೆ ಯೋಜನೆ ತಂದೆ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿದ ಸಣ್ಣ ಪ್ಯಾರಾ, ಜೊತೆಗೆ ಯೋಜನೆಯ ವಿವರದ ಒಂದು ಪುಟ. ತುಂಗಾದಿಂದ 17.4 ಟಿಎಂಸಿ ಎತ್ತಿ ಭದ್ರಾಗೆ ಹಾಕುವುದು, ಭದ್ರಾದಿಂದ 29.9 ಟಿಎಂಸಿ ಎತ್ತಿ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು, ಜಗಳೂರು ಕಡೆ ಕೊಡುವುದು. ನಮ್ಮ ಜಿಲ್ಲೆಯಲ್ಲಿ ಇದರ ಎರಡೂ ಕಡೆಯವರು ಇದ್ದಾರೆ. ಜಗಳೂರಿಗೆ ಈ ನೀರು ಬೇಕೇ ಬೇಕು. ಭದ್ರಾ ನಾಲೆಯ ಕೊನೆ ಭಾಗದ ಭತ್ತದವರಿಗೆ ಈಗಿನ ನೀರೇ ಸರಿಯಾಗಿ ಮುಟ್ಟುವುದಿಲ್ಲ.

ಬ್ಯಾಚಿನಲ್ಲಿ ಜಗಳೂರು ಕಡೆಯ ಒಬ್ಬ ಬ್ಯಾಂಕ್ ಕ್ಲರ್ಕ್ ಇದ್ದ. ಹರಿಹರದ ಹತ್ತಿರದ ಊರಿನ, ನಾಲೆ ಕೊನೆ ಭಾಗದ ರೈತರ ಮಗಳು ಒಬ್ಬಳಿದ್ದಳು. ಇಬ್ಬರನ್ನೂ ಎದುರುಬದುರು ಕೂರಿಸಿ ಪಕ್ಷ ಅದಲುಬದಲು ಮಾಡಿದೆ. ಅವಳು ಜಗಳೂರಿನ ಪರ ವಾದಿಸಬೇಕು, ಅವನು ನಾಲೆಯವರ ಪರ. ಮೊದಲ ಎರಡು ನಿಮಿಷ ಇಬ್ಬರೂ ಸಿಟ್ಟಿನಲ್ಲಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವಳು "ಈವನ್ ಇಫ್ ವಿ ಗ್ರಾಂಟ್ ದಟ್ ದ ಟೇಲ್ ಎಂಡ್ ಸಫರ್ಸ್" ಎಂದು ಶುರು ಮಾಡಿ, ಒಂದೇ ಉಸಿರಿಗೆ ಮೂರು ಕೊಂಡಿಯ ವಾಕ್ಯ ಮುಗಿಸಿದಳು. ಆ ರಚನೆಯನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಕಲಿಸಿದ್ದೆನೋ. ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಅವನು ತುಂಗಾದ 17.4 ಬಾರದೆ ಭದ್ರಾದ ನೀರು ಮುಟ್ಟಬಾರದು ಎಂದು ಹಿಡಿದ. ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಹಾಕಿಕೊಂಡು ಮುಂದುವರಿಸಿದರು. ಎರಡು ಗಂಟೆಯ ಕ್ಲಾಸ್ ಎರಡೂಮುಕ್ಕಾಲಿಗೆ ಹೋಯಿತು. ಕೆಳಗಿನ ಅಂಗಡಿಯವರು ಜಗಳವೇನೋ ಅಂದುಕೊಂಡು ಮೇಲೆ ಬಂದು ನೋಡಿದರು.

ಅವತ್ತಿನಿಂದ ಒಂದೇ ನಿಯಮ. ಓದುವ ಕಾಗದ ಕೂತವರ ಜೇಬನ್ನೋ ಮನೆಯನ್ನೋ ಮುಟ್ಟಬೇಕು. ಮಾತಾಡುವವರು ತಮ್ಮ ಎದುರಿನ ಪಕ್ಷ ಹಿಡಿಯಬೇಕು.

ಕ್ರಮ ಹೀಗಿದೆ. ಗುರುವಾರ ಕಾಗದ ಕೊಡುತ್ತೇನೆ. ಎ4 ಹಾಳೆಯ ಎರಡು ಮಗ್ಗುಲು, ಅದಕ್ಕಿಂತ ಜಾಸ್ತಿ ಇಲ್ಲ. ಪದಗಳ ಅರ್ಥದ ಪಟ್ಟಿ ಕೊಡುವುದಿಲ್ಲ. ಪಿಡಿಎಫ್ ಕಳಿಸಿದರೆ ಯಾರೂ ಓದುವುದಿಲ್ಲ, ಕಾಗದವೇ ಬೇಕು. ಶನಿವಾರ ಸಂಜೆ ಬಂದ ಮೇಲೆ ಹತ್ತು ನಿಮಿಷ ಮೌನವಾಗಿ ಮತ್ತೆ ಓದು. ಆಮೇಲೆ ಕಾಗದ ತಿರುಗಿಸಿ ಇಡಬೇಕು. ಬರೆದವರ ವಾದವನ್ನು, ಬರೆದವರೇ ಕೇಳಿದರೂ ಹೌದು ಅನ್ನುವಂತೆ ತಮ್ಮ ಮಾತಲ್ಲಿ ಹೇಳಬೇಕು. ಇಲ್ಲೇ ಅರ್ಧ ಜನ ಎಡವುತ್ತಾರೆ, ಎಡವಲಿ. ನಂತರ ಜೋಡಿ ಚರ್ಚೆ. 4-3-2 ಗೊತ್ತಲ್ಲ, ಒಂದೇ ಮಾತನ್ನು ಮೊದಲು ನಾಲ್ಕು, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳುವುದು, ಅದನ್ನೇ ಸ್ವಲ್ಪ ತಿರುಚಿದ್ದೇನೆ. ಪ್ರತಿ ಸುತ್ತಿಗೂ ಜೊತೆಗಾರ ಬದಲು, ಮೂರನೇ ಸುತ್ತಿಗೆ ಪಕ್ಷವೂ ಬದಲು. ನಡುವೆ ನಾನು ತಿದ್ದುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಕೊನೆಯ ಇಪ್ಪತ್ತು ನಿಮಿಷ ಐದಾರು ತಪ್ಪು ಮಾತ್ರ ತೆಗೆದುಕೊಂಡು ಕೂರುತ್ತೇವೆ.

ಚರ್ಚೆ ತಣ್ಣಗಾದಾಗ ಒಂದು ಚೀಟಿ ಇಡುತ್ತೇನೆ. ಅದರಲ್ಲಿ ಮೂರು ಪ್ರಶ್ನೆ ಇರುತ್ತವೆ. ಮೊದಲ ಎರಡು ಮಾಮೂಲಿ. ಮೂರನೆಯದನ್ನು ಹೇಗೆ ಬರೆಯುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದೇ ನನ್ನ ಅನ್ನ. ಬಂದು ಕೂತವರು ಎರಡು ವಾರದಲ್ಲಿ ಕಂಡುಹಿಡಿಯುತ್ತಾರೆ.

ಅತಿ ಜೋರಾದ ವಾರ ಅಂದರೆ ಅಡಿಕೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿತು. ಬ್ಯಾಚಿನಲ್ಲಿ ಚನ್ನಗಿರಿ ಕಡೆಯವರು ಮೂರು ಜನ. ರಾಶಿ ಅಡಿಕೆ ರೇಟಿನ ಮೇಲೆ ಮನೆ ನಡೆಯುವವರು. ಇನ್ನೊಂದು ಕಡೆ ಇಬ್ಬರು ಸ್ಟಾಫ್ ನರ್ಸ್. ಬಾಯಿ ಕ್ಯಾನ್ಸರ್ ರೋಗಿಗಳನ್ನು ವಾರ್ಡಿನಲ್ಲಿ ನೋಡಿದವರು. ಪಕ್ಷ ಬದಲಿಸುವ ನಿಯಮ ಇಲ್ಲದಿದ್ದರೆ ಕೈಕೈ ಮಿಲಾಯಿಸುತ್ತಿದ್ದರೇನೋ. ಚನ್ನಗಿರಿಯ ಹುಡುಗ ನರ್ಸಿನ ಪರ ಮಾತಾಡಬೇಕಾಗಿ ಬಂದಾಗ ಕಾಗದವನ್ನು ಇನ್ನೊಂದು ಸಲ ಓದಿದ. ಆ ಗುಂಪು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆ, ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಹೇಳುವುದಿಲ್ಲ ಎಂಬುದನ್ನು ಅವನೇ ಹಿಡಿದ. ಸಂಸ್ಕರಿಸಿದ ಮಾಂಸವೂ 2015ರಿಂದ ಅದೇ ಗುಂಪಿನಲ್ಲಿದೆ ಎಂದು ನರ್ಸ್ ತನ್ನ ಎದುರು ಪಕ್ಷದ ಪರವಾಗಿ ಎತ್ತಿದಳು. ಆಗಿನ ಇಂಗ್ಲಿಷ್ ಕೇಳಬೇಕಿತ್ತು. ಇಬ್ಬರೂ ಒಂದೊಂದು ಮಾತನ್ನೂ ಅಳೆದು, ಎಲ್ಲೂ ಸಿಕ್ಕಿಬೀಳದಂತೆ ಆಡುತ್ತಿದ್ದರು. ಏಳು ದಾಟಲು ಬೇಕಾದದ್ದು ಅದೇ.

ಇನ್ನು ದುಡ್ಡಿನ ವಿಷಯ. ಮೊದಲ ಮೂರ್ನಾಲ್ಕು ತಿಂಗಳು ಉಚಿತ ಮಾಡಿದೆ. ಇಪ್ಪತ್ತು ಜನ ಹೆಸರು ಕೊಟ್ಟು ಏಳೆಂಟು ಜನ ಬರುತ್ತಿದ್ದರು, ಓದಿಕೊಂಡು ಬರುವವರು ಇಬ್ಬರೋ ಮೂವರೋ. ತಿಂಗಳಿಗೆ ಮುನ್ನೂರು ಮಾಡಿದೆ, ಅದೇ ಗತಿ. ಎಂಟುನೂರು ಮಾಡಿದಾಗ ಜನ ಕಡಿಮೆಯಾದರು, ಓದಿಕೊಂಡು ಬರುವವರು ಜಾಸ್ತಿಯಾದರು. ಈಗ ಸಾವಿರದ ಐನೂರು. ರೂಮಿನ ಬಾಡಿಗೆ ಆಗ ನಾಲ್ಕೂವರೆ ಸಾವಿರದ ಹತ್ತಿರ ಇತ್ತು. ಜೆರಾಕ್ಸ್, ಟೀ, ಕರೆಂಟ್ ಸೇರಿ ಮೊದಲ ವರ್ಷ ಐವತ್ತು ಅರವತ್ತು ಸಾವಿರ ಕೈಯಿಂದ ಹೋಯಿತು. ಮನೆಯಲ್ಲಿ ಬೈಗುಳ ಬೇರೆ. ಒಂದು ಕೋಚಿಂಗ್ ಸೆಂಟರ್ ಜೊತೆ ಪಾಲುದಾರಿಕೆ ಮಾಡಿದ್ದೆ. ಅವರು ನನ್ನ ಕಾಗದಗಳನ್ನು ತಮ್ಮ ಲೋಗೊ ಹಾಕಿ ಮಾರಿಕೊಂಡರು, ಎರಡು ತಿಂಗಳ ಪಾಲು ಕೊಡಲಿಲ್ಲ. ಈಗ ಒಬ್ಬನೇ ನಡೆಸುತ್ತೇನೆ.

ಡೆಪಾಸಿಟ್ ಪದ್ಧತಿ ಕೂಡ ನೋಡಿದೆ. ಸಾವಿರ ರೂಪಾಯಿ ಇಟ್ಟುಕೊಂಡು, ಓದದೆ ಬಂದರೆ ನೂರು ಕಡಿತ. ಓದು ಹೆಚ್ಚಿತು, ಜಗಳವೂ ಹೆಚ್ಚಿತು. ಕಡಿತದ ದುಡ್ಡಲ್ಲಿ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಲು ಶುರು ಮಾಡಿದ ಮೇಲೆ ಜಗಳ ನಿಂತಿತು. ಓದದೆ ಬಂದವನೇ ಜಾಸ್ತಿ ತಿನ್ನುತ್ತಾನೆ, ಅದು ಬೇರೆ ಮಾತು.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳು ಕೆಲವಿವೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ನಡಾವಳಿ ಇದೆಯಲ್ಲ, ಸಭೆಯ ಹದಿನಾಲ್ಕನೇ ದಿನ ಹೊರಬರುವುದು, ಅದು ಚಿನ್ನದ ಗಣಿ. ಆರು ಸದಸ್ಯರು ಒಬ್ಬೊಬ್ಬರೂ ತಮ್ಮ ಮತಕ್ಕೆ ಕಾರಣ ಬರೆದಿರುತ್ತಾರೆ. 2024ರ ಆಗಸ್ಟಿನ ಸಭೆಯಲ್ಲಿ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ, ಶೇಕಡಾ 6.5ರಲ್ಲೇ ಉಳಿಯಲಿ ಎಂದು ನಾಲ್ಕು ಜನ, ಇಳಿಸಿ ಎಂದು ಇಬ್ಬರು ಹೇಳಿದ್ದರು. ಹೆಸರು ಅಳಿಸಿ ಮೂವರ ಹೇಳಿಕೆ ಕೊಟ್ಟೆ. ಮೊದಲ ಪ್ಯಾರಾ ಮಾತ್ರ ಓದಿ ಇವರು ಯಾವ ಕಡೆ ಮತ ಹಾಕಿದ್ದಾರೆ ಹೇಳಿ ಎಂದೆ. ಹೋಮ್ ಲೋನ್ ಇರುವವರೆಲ್ಲ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಭಿನ್ನಮತವನ್ನು ಮರ್ಯಾದೆಯಿಂದ ಹೇಳುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಪುಕ್ಕಟೆ ಬೇರೆ.

ಆರೋಗ್ಯ ವಿಮೆಯ ಪಾಲಿಸಿ ಕಾಗದವೂ ಚೆನ್ನಾಗಿ ನಡೆಯಿತು. ಅವರವರ ಪಾಲಿಸಿಯನ್ನೇ ತರಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿದ್ದಾರೆ. ತಮ್ಮ ಕಾಗದದಲ್ಲಿ ಏನಿದೆ ಎಂದು ಹುಡುಕುವಾಗ ಎಲ್ಲರೂ ಮೊದಲ ಸಲ ತಮ್ಮ ಪಾಲಿಸಿ ಓದಿದರು. ಇಬ್ಬರು ಅಲ್ಲೇ ಏಜೆಂಟಿಗೆ ಫೋನ್ ಹಚ್ಚಿದರು, ಕ್ಲಾಸ್ ಹಾಳಾಯಿತು.

ಕ್ರಿಕೆಟ್ ನಿಯಮದ ವಾರ ಹುಡುಗರಿಗಾಗಿ ಮಾಡಿದ್ದು. ಬೌಲರ್ ತುದಿಯಲ್ಲಿ ಮುಂಚೆಯೇ ಓಡುವ ಬ್ಯಾಟರ್‌ನನ್ನು ಔಟ್ ಮಾಡುವುದನ್ನು ಕ್ರಿಕೆಟ್ ನಿಯಮ ಬರೆಯುವ ಎಂಸಿಸಿ 2022ರ ಅಕ್ಟೋಬರ್ 1ರಿಂದ ಅನ್ಯಾಯದ ಆಟದ 41ನೇ ನಿಯಮದಿಂದ ತೆಗೆದು ರನೌಟ್‌ನ 38ಕ್ಕೆ ಹಾಕಿತು. ಅದಕ್ಕೆ ಒಂದು ವಾರ ಮೊದಲು ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಇಂಗ್ಲೆಂಡಿನ ಚಾರ್ಲಿ ಡೀನ್‌ಳನ್ನು ಹಾಗೆಯೇ ಔಟ್ ಮಾಡಿದ್ದು ಎಲ್ಲರಿಗೂ ನೆನಪಿತ್ತು. ಇಂಗ್ಲೆಂಡ್ ಪರ ವಾದಿಸಲು ಒಬ್ಬನೂ ತಯಾರಿಲ್ಲ! ಕಡೆಗೆ ನಾನೇ ವಾದಿಸಿದೆ. ಸೋತೆ ಎಂದು ಅವರೇ ತೀರ್ಪು ಕೊಟ್ಟರು.

ಸಂವಿಧಾನ ಸಭೆಯ ಚರ್ಚೆಗಳನ್ನು ತಂದಾಗ ಓದು ಅದ್ಭುತವಾಗಿತ್ತು, ಮಾತು ಸಪ್ಪೆ. 1949ರ ನವೆಂಬರ್ 25ರ ಅಂಬೇಡ್ಕರ್ ಭಾಷಣ ಓದಿದ ಮೇಲೆ ಎದುರು ಪಕ್ಷ ಹಿಡಿಯಲು ಯಾರಿಗೂ ಬಾಯಿ ಬರಲಿಲ್ಲ. ಅದನ್ನು ಈಗ ಗಟ್ಟಿಯಾಗಿ ಓದುವ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಎಐ ಜೊತೆ ಮಾತಾಡಿಸಿಯೂ ನೋಡಿದೆ. ನೀವು ಏನು ಹೇಳಿದರೂ ಒಳ್ಳೆಯ ಪಾಯಿಂಟ್ ಅನ್ನುತ್ತದೆ. ಜಗಳೂರಿನವನ ಹಾಗೆ ಮೇಜು ಕುಟ್ಟುವುದಿಲ್ಲ. ಆದರೆ ರೆಕಾರ್ಡಿಂಗ್ ಅನ್ನು ಬರಹಕ್ಕೆ ಇಳಿಸಲು ಒಳ್ಳೆಯದು. ತಮ್ಮ ಮಾತನ್ನು ತಾವೇ ಓದಿ ಕೆಂಪು ಪೆನ್ ಹಿಡಿಯುತ್ತಾರೆ, ನನ್ನ ಕೆಲಸ ಅರ್ಧ ಉಳಿಯುತ್ತದೆ.

ಫಲ ಏನು ಅಂತ ಕೇಳುತ್ತೀರಿ. ಆರು, ಆರೂವರೆಯಲ್ಲಿ ನಿಂತವರು ಆರೇಳು ತಿಂಗಳಲ್ಲಿ ಏಳು, ಏಳೂವರೆ ಮುಟ್ಟಿದ್ದಾರೆ. ಎಲ್ಲರೂ ಅಲ್ಲ, ಹತ್ತರಲ್ಲಿ ಆರು ಜನ ಅನ್ನಬಹುದು. ಅಡಿಕೆ ವಾರದ ಆ ಇಬ್ಬರು ನರ್ಸುಗಳಲ್ಲಿ ಒಬ್ಬಳು ಈಗ ಐರ್ಲೆಂಡಿನಲ್ಲಿದ್ದಾಳೆ. ಬ್ಯಾಂಕಿನ ಹುಡುಗ ಆಫೀಸರ್ ಆದ. ಇಂಟರ್‌ವ್ಯೂನಲ್ಲಿ ರೆಪೊ ದರದ ಬಗ್ಗೆಯೇ ಕೇಳಿದರಂತೆ. ಅದೃಷ್ಟ ಅನ್ನುವವರು ಅನ್ನಲಿ.

ನಿಮ್ಮ ಊರಲ್ಲಿ ಶುರು ಮಾಡುವುದಾದರೆ ನನ್ನ ಕಾಗದ ಕೇಳಬೇಡಿ, ನಡೆಯುವುದಿಲ್ಲ. ರಾಮನಗರದಲ್ಲಿ ರೇಷ್ಮೆ, ಕೊಡಗಿನಲ್ಲಿ ಕಾಫಿ ಮತ್ತು ಆನೆ, ಕಾರವಾರದಲ್ಲಿ ಬಂದರು. ಇಂಗ್ಲಿಷಿನಲ್ಲಿ ಅಧಿಕೃತ ಕಾಗದ ಇರಬೇಕು, ಕೂತವರಲ್ಲಿ ಎರಡು ಕಡೆಯವರು ಇರಬೇಕು. ಹತ್ತು ಜನಕ್ಕಿಂತ ಜಾಸ್ತಿ ಸೇರಿಸಬೇಡಿ, ಐದು ಜೋಡಿಯ ಗದ್ದಲದಲ್ಲೇ ನನ್ನ ಕಿವಿ ಹೋಗುತ್ತದೆ. ನೋಡಬೇಕೆಂದರೆ ಶನಿವಾರ ಬನ್ನಿ, ಟೀ ಕೊಡಿಸುತ್ತೇನೆ. ಅಡಿಕೆ ವಾರ ಮಾತ್ರ ಬರಬೇಡಿ. ಹಳೇ ಬ್ಯಾಚಿನವರೆಲ್ಲ ಬಂದು ಕುರ್ಚಿ ಹಿಡಿದಿರುತ್ತಾರೆ.